ಓಕ್ ಕಾಯಿ ತಿಂದ ಹಂದಿಯ ಸ್ಪ್ಯಾನಿಷ್ ಹ್ಯಾಮ್: ಪದೇ ಪದೇ ಕೇಳುವ ಪ್ರಶ್ನೆಗಳು

ಹಮೋನ್ ಇಬೆರಿಕೊ ದೆ ಬೆಯೋತಾ ಅಂದರೆ ನಿಖರವಾಗಿ ಏನು?

ಹಮೋನ್ ಅಂದರೆ ಹಂದಿಯ ಹಿಂಗಾಲಿನ ತೊಡೆ. ಇಬೆರಿಕೊ ಅನ್ನುವುದು ಸ್ಪೇನ್ ಮತ್ತು ಪೋರ್ಚುಗಲ್‌ನ ನಾಟಿ ಹಂದಿ ತಳಿ. ಬೆಯೋತಾ ಅಂದರೆ ಓಕ್ ಮರದ ಕಾಯಿ. ಕೊನೆಯ ತಿಂಗಳುಗಳಲ್ಲಿ ಬಯಲಲ್ಲಿ ಓಕ್ ಕಾಯಿ, ಹುಲ್ಲು ಮೇಯ್ದು ಕೊಬ್ಬಿದ ಇಬೆರಿಕೊ ಹಂದಿಯ ತೊಡೆಗೆ ಉಪ್ಪು ಹಾಕಿ, ಬೇಯಿಸದೆ, ಹೊಗೆಯನ್ನೂ ಕೊಡದೆ, ಎರಡರಿಂದ ನಾಲ್ಕು ವರ್ಷ ಒಣಗಿಸಿ ಮಾಗಿಸಿದ ಹ್ಯಾಮ್ ಇದು. ಹೆಸರಿನ ಮೂರು ಪದಗಳಲ್ಲಿ ಒಂದು ಬಿಟ್ಟುಹೋದರೂ ಸರಕು ಬೇರೆಯೇ. 'ಹಮೋನ್ ಇಬೆರಿಕೊ' ಎಂದಷ್ಟೇ ಕೇಳಿ ಕೊಂಡವರಿಗೆ ಹೆಚ್ಚಾಗಿ ಸಿಗುವುದು ಕೊಟ್ಟಿಗೆಯಲ್ಲಿ ಧಾನ್ಯದ ಮೇವು ತಿಂದ ಹಂದಿಯ ಹ್ಯಾಮ್.

ಹಮೋನ್ ಸೆರ್ರಾನೊ ಕೂಡ ಇದೇ ಅಲ್ಲವೇ?

ಅಲ್ಲ. ಸೆರ್ರಾನೊ ಬಿಳಿ ಹಂದಿಯದು. ಮಾಡುವ ಕ್ರಮ ಹತ್ತಿರದ್ದೇ, ಆದರೆ ಮಾಗುವ ಕಾಲ ಕಡಿಮೆ, ಮಾಂಸದೊಳಗೆ ಕೊಬ್ಬಿನ ಎಳೆಯೂ ಕಡಿಮೆ, ಬೆಲೆಯಂತೂ ಬಹಳ ಕಡಿಮೆ. ಅಡುಗೆಗೆ ಬಳಸುವುದಾದರೆ ಸೆರ್ರಾನೊ ಸಾಕು. ಬೆಯೋತಾ ಹ್ಯಾಮನ್ನು ಬಾಣಲೆಗೆ ಹಾಕುವುದು ದುಡ್ಡು ಸುಟ್ಟ ಹಾಗೆ.

ಕಾಲಿಗೆ ಕಟ್ಟಿರುವ ಕಪ್ಪು, ಕೆಂಪು, ಹಸಿರು, ಬಿಳಿ ಪಟ್ಟಿಗಳು ಏನು ಹೇಳುತ್ತವೆ?

ಸ್ಪೇನ್ ಸರ್ಕಾರ 2014ರ ಜನವರಿಯಲ್ಲಿ ಹೊರಡಿಸಿದ ನಿಯಮದ ಪ್ರಕಾರ ಪ್ರತಿ ಇಬೆರಿಕೊ ತೊಡೆಗೂ ಕಸಾಯಿಖಾನೆಯಲ್ಲೇ ನಂಬರಿರುವ ಪ್ಲಾಸ್ಟಿಕ್ ಸೀಲು ಬೀಳುತ್ತದೆ. ಅದನ್ನು ಒಮ್ಮೆ ಬಿಗಿದರೆ ಕತ್ತರಿಸದೆ ತೆಗೆಯಲಾಗದು.

ಕಪ್ಪು: ಶೇ. 100 ಇಬೆರಿಕೊ ತಳಿ, ಓಕ್ ಕಾಯಿ ತಿಂದದ್ದು.
ಕೆಂಪು: ಓಕ್ ಕಾಯಿ ತಿಂದದ್ದೇ, ಆದರೆ ಶೇ. 75 ಅಥವಾ ಶೇ. 50 ಇಬೆರಿಕೊ.
ಹಸಿರು: 'ಸೇಬೊ ದೆ ಕಾಂಪೊ'. ಬಯಲಲ್ಲಿ ಓಡಾಡಿಕೊಂಡಿದ್ದರೂ ಮುಖ್ಯ ಆಹಾರ ಧಾನ್ಯ, ಕಾಳಿನ ಮೇವು.
ಬಿಳಿ: 'ಸೇಬೊ'. ಕೊಟ್ಟಿಗೆಯಲ್ಲಿ ಮೇವು ಹಾಕಿ ಬೆಳೆಸಿದ್ದು.

ಸೀಲು ಹೇಳುವುದು ತಳಿ ಮತ್ತು ಆಹಾರ, ಇವೆರಡನ್ನೇ. ಉಪ್ಪು ಹದವಾಗಿದೆಯೇ, ಸರಿಯಾಗಿ ಮಾಗಿದೆಯೇ ಅನ್ನುವುದು ಅದರಲ್ಲಿ ಇಲ್ಲ. ಕೈಪಳಗಿದ ತಯಾರಕರ ಕೆಂಪು ಸೀಲಿನ ಹ್ಯಾಮು, ಅವಸರದಲ್ಲಿ ಮಾಡಿದ ಕಪ್ಪು ಸೀಲಿನದನ್ನು ರುಚಿಯಲ್ಲಿ ಸಲೀಸಾಗಿ ಮೀರಿಸುತ್ತದೆ. ಕಪ್ಪು ಕಂಡ ಕೂಡಲೇ ಕಣ್ಣುಮುಚ್ಚಿ ದುಡ್ಡು ಕೊಡಬೇಡಿ.

2014ಕ್ಕೆ ಮೊದಲು 'ರೆಸೇಬೊ' ಅಂತ ಇನ್ನೊಂದು ವರ್ಗವಿತ್ತು: ಓಕ್ ಕಾಯಿ ತಿಂದು, ಸಾಲದ ತೂಕವನ್ನು ಮೇವಿನಿಂದ ತುಂಬಿಸಿದ ಹಂದಿಯದು. ಅದನ್ನು ಕೈಬಿಟ್ಟಿದ್ದಾರೆ. ಹಳೆಯ ಲೇಖನಗಳಲ್ಲಿ ಆ ಹೆಸರು ಕಂಡರೆ ಗೊಂದಲ ಬೇಡ.

ಶೇ. 75, ಶೇ. 50 ಅನ್ನುವುದನ್ನು ಲೆಕ್ಕ ಹಾಕುವುದು ಹೇಗೆ?

ತಾಯಿ ಯಾವಾಗಲೂ ಶುದ್ಧ ಇಬೆರಿಕೊ ಆಗಿರಲೇಬೇಕು. ತಂದೆಯೂ ಶುದ್ಧ ಇಬೆರಿಕೊ ಆದರೆ ಮರಿ ಶೇ. 100. ತಂದೆ ಶುದ್ಧ ಡ್ಯೂರಾಕ್ ತಳಿಯದಾದರೆ ಶೇ. 50. ತಂದೆಯೇ ಅರ್ಧ ಡ್ಯೂರಾಕ್, ಅರ್ಧ ಇಬೆರಿಕೊ ಆಗಿದ್ದರೆ ಶೇ. 75. ಡ್ಯೂರಾಕ್ ಬೆರೆಸುವುದು ಮೋಸಕ್ಕಲ್ಲ: ಶುದ್ಧ ಇಬೆರಿಕೊ ಹಂದಿ ಮರಿ ಹಾಕುವುದು ಕಡಿಮೆ, ಬೆಳೆಯುವುದು ನಿಧಾನ, ಮಾಂಸಕ್ಕಿಂತ ಕೊಬ್ಬೇ ಜಾಸ್ತಿ. ಬೆರಕೆಯಾದರೆ ತೊಡೆ ದೊಡ್ಡದಾಗುತ್ತದೆ. ಆದ್ದರಿಂದಲೇ ಸಿದ್ಧ ಹ್ಯಾಮಿನ ಕನಿಷ್ಠ ತೂಕ ಶುದ್ಧ ತಳಿಗೆ 5.75 ಕೆ.ಜಿ., ಬೆರಕೆಗೆ 7 ಕೆ.ಜಿ. ಎಂದು ನಿಯಮ ಬೇರೆ ಬೇರೆ ಇಟ್ಟಿದೆ.

ಗೊರಸು ಕಪ್ಪಾಗಿದ್ದರೆ ಅಸಲಿ ತಾನೆ?

ಇದನ್ನು ನಂಬಿ ಮೋಸಹೋಗುವವರೇ ಹೆಚ್ಚು. ಬೇರೆ ತಳಿಗಳಿಗೂ ಕಪ್ಪು ಗೊರಸು ಇರುತ್ತದೆ, ಇಬೆರಿಕೊದಲ್ಲೇ ಬಿಳಚು ಗೊರಸಿನವೂ ಹುಟ್ಟುತ್ತವೆ. 'ಪಾತಾ ನೇಗ್ರಾ', ಅಂದರೆ ಕರಿಗಾಲು ಎಂಬ ಮಾತನ್ನು ಈಗ ಕಪ್ಪು ಸೀಲಿನ ಹ್ಯಾಮಿಗೆ ಮಾತ್ರ ಬಳಸಬಹುದು. ಲೇಬಲ್ಲಿನಲ್ಲಿ 'ದೆಎಸಾ', 'ಮೊಂತನೇರಾ' ಎಂಬ ಪದಗಳನ್ನು ಹಾಕುವ ಹಕ್ಕೂ ಓಕ್ ಕಾಯಿ ತಿಂದ ವರ್ಗಗಳಿಗಷ್ಟೇ. ಗೊರಸು ನೋಡುವ ಬದಲು ಕಣಕಾಲು ನೋಡಿ: ಇಬೆರಿಕೊದ ಕಾಲು ಉದ್ದ, ಕಣಕಾಲು ಸಪೂರ. ಆಮೇಲೆ ಕೊಬ್ಬಿನ ಮೇಲೆ ಹೆಬ್ಬೆರಳು ಒತ್ತಿ. ಬೆಯೋತಾ ಆದರೆ ಬೆಣ್ಣೆಯೊಳಗೆ ಇಳಿದ ಹಾಗೆ ಬೆರಳು ಇಳಿಯುತ್ತದೆ, ಬೆರಳ ತುದಿ ಎಣ್ಣೆ ಎಣ್ಣೆಯಾಗುತ್ತದೆ.

ದೆಎಸಾ, ಮೊಂತನೇರಾ ಅಂದರೇನು?

ದೆಎಸಾ ಅನ್ನುವುದು ಕಾಡೂ ಅಲ್ಲ, ತೋಟವೂ ಅಲ್ಲ. ಅಲ್ಲೊಂದು ಇಲ್ಲೊಂದು ಓಕ್ ಮರ, ನಡುವೆ ಹುಲ್ಲು. ಜನರೇ ಶತಮಾನಗಳಿಂದ ಸವರಿ ಕಾಪಾಡಿಕೊಂಡು ಬಂದ ಗೋಮಾಳದಂಥ ಬಯಲು. ಎಸ್ತ್ರೆಮದೂರಾ, ಪಶ್ಚಿಮ ಆಂದಲೂಸಿಯಾ, ಸಲಮಾಂಕಾ ಭಾಗಗಳಲ್ಲಿ ಹೆಚ್ಚು. ಪೋರ್ಚುಗಲ್‌ನಲ್ಲಿ ಇದನ್ನೇ ಮೊಂತಾದೊ ಅನ್ನುತ್ತಾರೆ. ಮರಗಳು ಮುಖ್ಯವಾಗಿ ಮೂರು: ಕೆಹೀಗೊ, ಎನ್ಸೀನಾ, ಅಲ್ಕೊರ್ನೋಕೆ (ಬಾಟಲಿಯ ಬಿರಡೆ ಬರುವುದು ಇದೇ ಮರದ ತೊಗಟೆಯಿಂದ). ಕೆಹೀಗೊದ ಕಾಯಿ ಮೊದಲು ಉದುರುತ್ತದೆ, ಆಮೇಲೆ ಎನ್ಸೀನಾ, ಕೊನೆಗೆ ಅಲ್ಕೊರ್ನೋಕೆ. ಹೀಗೆ ಒಂದಾದ ಮೇಲೊಂದು ಉದುರುವುದರಿಂದಲೇ ಮೇಯುವ ಕಾಲ ಚಳಿಗಾಲದ ಉದ್ದಕ್ಕೂ ಎಳೆಯುತ್ತದೆ. ಸಿಹಿ ಕಾಯಿ ಎನ್ಸೀನಾದ್ದು. ಅಲ್ಕೊರ್ನೋಕೆ ಒಗರು, ಕಹಿ. ಆಯ್ಕೆ ಇದ್ದರೆ ಹಂದಿ ಎನ್ಸೀನಾ ಮರದ ಬುಡಕ್ಕೇ ಹೋಗುತ್ತದೆ.

ಈ ಮೇಯುವ ಕಾಲವೇ ಮೊಂತನೇರಾ. ಅದರ ಅಂಕಿಗಳು ಹೀಗಿವೆ. ಹಂದಿಗಳನ್ನು ಬಯಲಿಗೆ ಬಿಡಬೇಕಾದದ್ದು ಅಕ್ಟೋಬರ್ 1ರಿಂದ ಡಿಸೆಂಬರ್ 15ರೊಳಗೆ. ಬಿಡುವಾಗ ಹಿಂಡಿನ ಸರಾಸರಿ ತೂಕ 92ರಿಂದ 115 ಕೆ.ಜಿ. ಇರಬೇಕು. ಕನಿಷ್ಠ 60 ದಿನ ಮೇಯಬೇಕು, ಅಷ್ಟರಲ್ಲಿ ಕನಿಷ್ಠ 46 ಕೆ.ಜಿ. ಏರಬೇಕು. 46 ಎಲ್ಲಿಂದ ಬಂತು? ಅಲ್ಲಿನ ಹಳೆಯ ತೂಕದ ಅಳತೆ 'ಅರ್ರೋಬಾ'. ಒಂದು ಅರ್ರೋಬಾ ಅಂದರೆ 11.5 ಕೆ.ಜಿ., ನಾಲ್ಕಕ್ಕೆ 46. ಕಡಿಯುವುದು ಡಿಸೆಂಬರ್ 15ರಿಂದ ಮಾರ್ಚ್ 31ರೊಳಗೆ, ಆಗ ಹಂದಿಗೆ ಕನಿಷ್ಠ 14 ತಿಂಗಳಾಗಿರಬೇಕು.

ಒಂದು ಹಂದಿ ದಿನಕ್ಕೆ ಸುಮಾರು 6ರಿಂದ 10 ಕೆ.ಜಿ. ಓಕ್ ಕಾಯಿ ತಿನ್ನುತ್ತದೆ. ಒಂದು ಕೆ.ಜಿ. ಮೈ ಬರಬೇಕಾದರೆ ಹೆಚ್ಚುಕಡಿಮೆ ಹತ್ತು ಕೆ.ಜಿ. ಕಾಯಿ ಬೇಕು. ಕಾಯನ್ನು ಬಾಯಲ್ಲೇ ಒಡೆದು, ಒಗರಿನ ಸಿಪ್ಪೆಯನ್ನು ಕಡೆಬಾಯಿಂದ ಉಗುಳಿ, ತಿರುಳನ್ನಷ್ಟೇ ನುಂಗುವ ಅದರ ಚಾಕಚಕ್ಯತೆ ನೋಡಬೇಕು. ಇಷ್ಟು ಕಾಯಿ ಸಿಗಬೇಕಾದರೆ ಜಾಗವೂ ಬೇಕಲ್ಲ: ಮರಗಳ ನೆರಳು ನೆಲವನ್ನು ಎಷ್ಟು ಮುಚ್ಚಿದೆ ಎಂಬುದರ ಮೇಲೆ ಒಂದು ಹೆಕ್ಟೇರಿಗೆ, ಅಂದರೆ ಎರಡೂವರೆ ಎಕರೆಗೆ, 0.25ರಿಂದ 1.25 ಹಂದಿ ಮಾತ್ರ. ಮರ ತೆಳುವಾಗಿರುವ ಕಡೆ ಒಂದೇ ಹಂದಿಗೆ ಹತ್ತು ಎಕರೆ! ಬೆಲೆ ಯಾಕೆ ಅಷ್ಟು ಅನ್ನುವ ಪ್ರಶ್ನೆಗೆ ಉತ್ತರ ಹೆಚ್ಚಿನಂಶ ಇಲ್ಲೇ ಇದೆ.

ಓಕ್ ಕಾಯಿ ತಿಂದರೆ ಮಾಂಸದಲ್ಲಿ ಏನು ವ್ಯತ್ಯಾಸ?

ಹಂದಿ ತಿಂದ ಕೊಬ್ಬು ಹೆಚ್ಚು ಬದಲಾಗದೆ ಅದರ ಮೈಯ ಕೊಬ್ಬಾಗಿ ಕೂರುತ್ತದೆ. ಓಕ್ ಕಾಯಿಯಲ್ಲಿ ಒಲೆಯಿಕ್ ಆಮ್ಲ ಹೇರಳ. ಆಲಿವ್ ಎಣ್ಣೆಯಲ್ಲಿರುವುದೂ ಅದೇ. ಬೆಯೋತಾ ಹಂದಿಯ ಕೊಬ್ಬಿನಲ್ಲಿ ಅರ್ಧಕ್ಕಿಂತ ಹೆಚ್ಚು ಒಲೆಯಿಕ್ ಆಮ್ಲವೇ ಇರುವುದರಿಂದ ಅದು ಬಾಯಿಗಿಟ್ಟರೆ ಕರಗುತ್ತದೆ. ಇಬೆರಿಕೊ ತಳಿಗೆ ಕೆಂಪು ಮಾಂಸದ ನಡುವೆಯೂ ಕೊಬ್ಬನ್ನು ಎಳೆ ಎಳೆಯಾಗಿ ಸೇರಿಸಿಕೊಳ್ಳುವ ಗುಣವಿದೆ. ಇನ್ನು ಹುಲ್ಲನ್ನು ಜನ ಮರೆಯುತ್ತಾರೆ. ಹಸಿ ಹುಲ್ಲಿನಿಂದ, ಕಾಯಿಯಿಂದ ವಿಟಮಿನ್ 'ಇ' ಬಗೆಯ ಪದಾರ್ಥಗಳು ಮಾಂಸಕ್ಕೆ ಸೇರುತ್ತವೆ. ಮೂರು ವರ್ಷ ತೂಗಿಬಿದ್ದರೂ ಕೊಬ್ಬು ಕಮಟಾಗದೆ ಉಳಿಯುವುದು ಅವುಗಳಿಂದ. ಮಳೆ ಕೈಕೊಟ್ಟು ಹುಲ್ಲು ಚಿಗುರದ ವರ್ಷ ಕಾಯಿ ಎಷ್ಟೇ ಇದ್ದರೂ ಮೊಂತನೇರಾ ಸೊರಗುತ್ತದೆ.

ನಿಜವಾಗಿ ಓಕ್ ಕಾಯಿ ತಿಂದಿದೆ ಅಂತ ಪರೀಕ್ಷೆ ಮಾಡುವವರು ಯಾರು?

ಹಿಂದೆ ಕೊಬ್ಬಿನ ಮಾದರಿ ತೆಗೆದು ಕೊಬ್ಬಿನಾಮ್ಲಗಳ ಪ್ರಮಾಣ ಅಳೆಯುತ್ತಿದ್ದರು. ಒಲೆಯಿಕ್ ಆಮ್ಲ ತುಂಬಿದ ಮೇವು ಹಾಕಿ ಆ ಪರೀಕ್ಷೆಯನ್ನು ದಾಟಿಸಬಹುದು ಅಂತ ಗೊತ್ತಾದ ಮೇಲೆ ಅದರ ನೆಚ್ಚಿಕೆ ಹೋಯಿತು. ಈಗ ತಪಾಸಣೆ ನಡೆಯುವುದು ಬಯಲಲ್ಲೇ. ಮಾನ್ಯತೆ ಪಡೆದ ತಪಾಸಣಾ ಸಂಸ್ಥೆಯವರು ಬಂದು ಹಂದಿಗಳ ಕಿವಿಯೋಲೆ ನಂಬರು, ತೂಕ, ಮರಗಳ ಹೊದಿಕೆ, ಕಾಯಿಯ ಇಳುವರಿ ಎಲ್ಲವನ್ನೂ ನೋಡಿ ಬರೆದುಕೊಳ್ಳುತ್ತಾರೆ. ಕಸಾಯಿಖಾನೆಯಲ್ಲಿ ಆ ದಾಖಲೆಗೆ ಹೊಂದಿದ ಬಣ್ಣದ ಸೀಲು ಬೀಳುತ್ತದೆ.

ಮಾಡುವ ಕ್ರಮವನ್ನು ಹಂತ ಹಂತವಾಗಿ ಹೇಳಿ.

ಕಡಿದ ತೊಡೆ 10ರಿಂದ 13 ಕೆ.ಜಿ. ತೂಗುತ್ತದೆ. ಮೊದಲು ಅದನ್ನು ತಣ್ಣಗಾಗಿಸಿ, ಚರ್ಮವನ್ನು ಇಂಗ್ಲಿಷಿನ 'ವಿ' ಆಕಾರದಲ್ಲಿ ಬಿಡಿಸಿ, ಅಂಚು ಸವರಿ, ತೊಡೆಯ ದೊಡ್ಡ ರಕ್ತನಾಳವನ್ನು ಹೆಬ್ಬೆರಳಿನಿಂದ ಒತ್ತಿ ಒತ್ತಿ ಉಳಿದ ರಕ್ತ ಹಿಂಡುತ್ತಾರೆ. ಇದು ಚಿಕ್ಕ ಕೆಲಸದಂತೆ ಕಾಣುತ್ತದೆ, ಆದರೆ ಹ್ಯಾಮು ಕೆಡುವುದು ಬಹಳ ಸಲ ಇಲ್ಲಿಂದಲೇ.

ಉಪ್ಪು: ಕಲ್ಲುಪ್ಪಿನ ಹಾಸು, ಅದರ ಮೇಲೆ ತೊಡೆ, ಮತ್ತೆ ಉಪ್ಪು, ಹೀಗೆ ಪದರ ಪದರವಾಗಿ ಹೂಳುತ್ತಾರೆ. ಕೋಣೆ 0ರಿಂದ 5 ಡಿಗ್ರಿ, ತೇವಾಂಶ ಶೇ. 80ರ ಮೇಲೆ. ಹಸಿ ತೂಕದ ಕೆ.ಜಿ.ಗೆ ಸುಮಾರು ಒಂದು ದಿನ ಅನ್ನುವುದು ರೂಢಿಯ ಲೆಕ್ಕ. ಒಟ್ಟು ದಿನಗಳಲ್ಲಿ ಅರ್ಧ ಕಳೆದ ಮೇಲೆ ಕೆಳಗಿನದು ಮೇಲೆ, ಮೇಲಿನದು ಕೆಳಗೆ. ಕೊಬ್ಬು ದಪ್ಪಗಿದ್ದರೆ ಉಪ್ಪು ಇಳಿಯುವುದು ನಿಧಾನ, ಹಾಗಾಗಿ ದಿನ ಕೂಡಿಸುತ್ತಾರೆ, ತೆಳ್ಳಗಿದ್ದರೆ ಕಳೆಯುತ್ತಾರೆ. ಹಲವರು ಉಪ್ಪಿನೊಂದಿಗೆ ಸ್ವಲ್ಪ ನೈಟ್ರೇಟ್, ನೈಟ್ರೈಟ್ ಬಳಸುತ್ತಾರೆ. ಲೇಬಲ್ಲಿನಲ್ಲಿ ಇ 252, ಇ 250 ಅಂತ ಇರುತ್ತದೆ.

ಉಪ್ಪು ಒಳಗಿಳಿಯುವ ಕಾಲ: ಮೇಲಿನ ಉಪ್ಪು ತೊಳೆದು ಒಂದೂವರೆಯಿಂದ ಮೂರು ತಿಂಗಳು ಮತ್ತೆ ಚಳಿಕೋಣೆಯಲ್ಲಿ ತೂಗುಹಾಕುತ್ತಾರೆ. ಮಾವಿನ ಮಿಡಿಗೆ ಉಪ್ಪು ಹಾಕಿ ಭರಣಿ ಕಟ್ಟುವವರಿಗೆ ಇದರ ತತ್ವ ಹೇಳಿಕೊಡಬೇಕಾಗಿಲ್ಲ: ಉಪ್ಪು ನಡುಭಾಗದ ತನಕ ಇಳಿಯಬೇಕು, ನೀರು ಬಿಡಬೇಕು. ಮಿಡಿ ಹೆಬ್ಬೆರಳಷ್ಟು, ಇದು ಹನ್ನೆರಡು ಕೆ.ಜಿ., ಮಧ್ಯೆ ಮೂಳೆ ಬೇರೆ. ಮೂಳೆಯ ಸುತ್ತ ಉಪ್ಪು ತಲುಪುವವರೆಗೂ ಮಾಂಸವನ್ನು ಕಾಯುವುದು ಚಳಿಯೊಂದೇ.

ಒಣಗುಮನೆ, ಅಂದರೆ ಸೆಕದೇರೊ: ವಸಂತದಲ್ಲಿ ಇಲ್ಲಿಗೆ ಬರುತ್ತದೆ. ಎದುರುಬದುರು ಕಿಟಕಿಗಳಿರುವ ಎತ್ತರದ ಹಜಾರ. ಗಾಳಿಯ ದಿಕ್ಕು, ತೇವ ನೋಡಿಕೊಂಡು ಕಿಟಕಿ ತೆರೆಯುವುದು, ಮುಚ್ಚುವುದು ಮೇಸ್ತ್ರಿಯ ಕೆಲಸ. ಬೇಸಿಗೆಯಲ್ಲಿ ಬಿಸಿ ಏರಿದಾಗ ಹ್ಯಾಮು 'ಬೆವರುತ್ತದೆ'. ಕೊಬ್ಬು ಕರಗಿ ಕೆಂಪು ಮಾಂಸದ ಎಳೆಗಳೊಳಗೆ ಇಳಿಯುತ್ತದೆ, ಮಿಕ್ಕದ್ದು ತೊಟ್ಟಿಕ್ಕುತ್ತದೆ. ಸ್ಪೇನ್‌ನ ಬಾರುಗಳಲ್ಲಿ ಸೂರಿನಿಂದ ತೂಗುವ ಹ್ಯಾಮುಗಳ ಕೆಳಗೆ ಮಗುಚಿದ ಪುಟ್ಟ ಕೊಡೆಯಂಥ ಬಟ್ಟಲು ಸಿಕ್ಕಿಸಿರುವುದು ಈ ಎಣ್ಣೆ ಗಿರಾಕಿಯ ತಲೆಮೇಲೆ ಬೀಳದಿರಲಿ ಅಂತ.

ನೆಲಮಾಳಿಗೆ, ಅಂದರೆ ಬೊದೇಗಾ: ತಂಪು, ಮಂದ ಬೆಳಕು, ಮಂದ ಗಾಳಿ. ಪರಿಮಳ ಹುಟ್ಟುವುದು ಇಲ್ಲಿ. ಇಡೀ ಪ್ರಕ್ರಿಯೆಗೆ ಕನಿಷ್ಠ ಅವಧಿ 7 ಕೆ.ಜಿ.ಗಿಂತ ಕಡಿಮೆಯ ಹ್ಯಾಮಿಗೆ 600 ದಿನ, ಅದಕ್ಕೆ ಮೇಲ್ಪಟ್ಟದ್ದಕ್ಕೆ 730 ದಿನ. ಒಳ್ಳೆಯ ಬೆಯೋತಾಕ್ಕೆ 36 ತಿಂಗಳು ಅಥವಾ ಇನ್ನೂ ಹೆಚ್ಚು ಕೊಡುವುದುಂಟು. ಹೊರಬರುವಾಗ ತೂಕದಲ್ಲಿ ಮೂರರಲ್ಲೊಂದು ಪಾಲು ಹೋಗಿರುತ್ತದೆ.

ಮಾಗಿದೆ ಅಂತ ತಿಳಿಯುವುದು ಹೇಗೆ?

ಮೂಗಿನಿಂದ. ದನದ ಅಥವಾ ಕುದುರೆಯ ಕಾಲಿನ ಮೂಳೆಯನ್ನು ದಬ್ಬಣದಂತೆ ಚೂಪು ಮಾಡಿಟ್ಟುಕೊಂಡಿರುತ್ತಾರೆ. ಅದನ್ನು ಸೊಂಟದ ಕೀಲಿನ ಬಳಿ, ದೊಡ್ಡ ರಕ್ತನಾಳ ಹಾಯುವಲ್ಲಿ, ಮೊಣಕಾಲಿನ ಪಕ್ಕ ಚುಚ್ಚಿ ಎಳೆದ ತಕ್ಷಣ ಮೂಗಿಗೆ ಹಿಡಿಯುತ್ತಾರೆ. ಸಣ್ಣ ರಂಧ್ರಗಳಿರುವ ಮೂಳೆ ವಾಸನೆಯನ್ನು ಹೀರಿ ಕೆಲವೇ ಕ್ಷಣ ಹಿಡಿದಿಟ್ಟು ಬಿಟ್ಟುಬಿಡುತ್ತದೆ. ಆದ್ದರಿಂದ ಮುಂದಿನ ಹ್ಯಾಮಿಗೆ ಹಳೆಯ ವಾಸನೆ ಅಂಟುವುದಿಲ್ಲ. ಆಮೇಲೆ ಆ ತೂತಿನ ಮೇಲೆ ಬೆರಳಲ್ಲಿ ಚೂರು ಕೊಬ್ಬು ತಿಕ್ಕಿ ಮುಚ್ಚುತ್ತಾರೆ, ಇಲ್ಲದಿದ್ದರೆ ಅದೇ ಹುಳಕ್ಕೆ ಬಾಗಿಲು.

ಕೆಡುವುದು ಎಲ್ಲಿ, ಯಾಕೆ?

ಅತಿ ಕೆಟ್ಟದ್ದು ಮೂಳೆಯ ಬಳಿ ಕೊಳೆಯುವುದು. ರಕ್ತ ಪೂರ್ತಿ ಹಿಂಡಿರದಿದ್ದರೆ, ಉಪ್ಪು ಇಳಿಯುವ ಮೊದಲೇ ಕೋಣೆ ಬಿಸಿಯಾದರೆ, ಅಥವಾ ಕಡಿಯುವ ಮೊದಲು ಹಂದಿ ಬೆದರಿ ಬಳಲಿದ್ದರೆ ಹೀಗಾಗುತ್ತದೆ. ಬಳಲಿದ ಪ್ರಾಣಿಯ ಸ್ನಾಯುವಿನಲ್ಲಿ ಸಕ್ಕರೆಯ ದಾಸ್ತಾನು ಮುಗಿದಿರುತ್ತದೆ, ಕಡಿದ ಮೇಲೆ ಹುಳಿಯ ಅಂಶ ಸಾಕಷ್ಟು ಏರುವುದಿಲ್ಲ, ಬ್ಯಾಕ್ಟೀರಿಯಾಕ್ಕೆ ಹಬ್ಬ. ಸೊಂಟದ ಕೀಲಿನ ಬಳಿ ಗಬ್ಬು ವಾಸನೆ ಬಂದರೆ ಆ ಹ್ಯಾಮನ್ನು ಎಸೆಯುವುದೇ ಸರಿ, ರಿಪೇರಿ ಇಲ್ಲ.

ಉಪ್ಪು ಕಡಿಮೆಯಾದರೆ ಮಾಂಸ ಹಿಟ್ಟು ಹಿಟ್ಟಾಗಿ ನಾಲಿಗೆಗೆ ಅಂಟುತ್ತದೆ. ಪ್ರೋಟೀನನ್ನು ಒಡೆಯುವ ಕಿಣ್ವಗಳಿಗೆ ಲಗಾಮು ಇಲ್ಲದಂತಾಗಿ ಅವು ಅತಿಯಾಗಿ ಕೆಲಸ ಮಾಡಿರುತ್ತವೆ. ಗಾಳಿ ಒಣಕಲಾಗಿ ಅವಸರದಲ್ಲಿ ಒಣಗಿದರೆ ಹೊರಗೆ ಚಿಪ್ಪು ಕಟ್ಟಿ ಒಳಗಿನ ನೀರು ಹೊರಬರದೆ ನಿಲ್ಲುತ್ತದೆ. ಬಿರುಕು ಬಿಟ್ಟರೆ ನುಸಿ ಸೇರುತ್ತದೆ, ನೊಣ ಮೊಟ್ಟೆಯಿಡುತ್ತದೆ. ಬಿರುಕಿಗೆ ಹಂದಿಯ ಕೊಬ್ಬು ಮೆತ್ತುವುದು ಇದಕ್ಕೇ.

ಕೊಯ್ದಾಗ ಬಿಳಿ ಚುಕ್ಕೆ ಕಾಣುತ್ತದೆ, ಹೊರಗೆ ಬೂಷ್ಟು ಇದೆ. ತಿನ್ನಬಹುದೇ?

ಬಿಳಿ ಚುಕ್ಕೆಗಳು ಟೈರೋಸಿನ್ ಎಂಬ ಅಮೈನೊ ಆಮ್ಲದ ಹರಳು. ಪ್ರೋಟೀನು ದೀರ್ಘಕಾಲ ಒಡೆದದ್ದರ ಗುರುತು, ನಿರಪಾಯ. ಹೊರಗಿನ ಬೂಷ್ಟು ಸಹಜ. ಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ. ಹೊರಪದರದ ಹಳದಿ ಕೊಬ್ಬು ಮಾತ್ರ ಕಮಟು, ಅದನ್ನು ಹೆರೆದು ಬಿಸಾಡಿ. ಒಳಗಿನ ಬಿಳಿ, ನಸುಗೆಂಪು ಕೊಬ್ಬನ್ನು ಬಿಸಾಡಬೇಡಿ, ಕೊಟ್ಟ ದುಡ್ಡು ಅದಕ್ಕೇ.

ಊರಿನ ಹೆಸರಿನ ಗುರುತುಗಳಿಗೆ ಅರ್ಥವಿದೆಯೇ?

ಇದೆ. ಸ್ಪೇನ್‌ನಲ್ಲಿ ಇಬೆರಿಕೊ ಹ್ಯಾಮಿಗೆ ನಾಲ್ಕು ಸಂರಕ್ಷಿತ ಮೂಲಸ್ಥಾನಗಳಿವೆ: ಸಲಮಾಂಕಾದ ಗಿಹ್ವೇಲೊ, ವೆಲ್ವಾದ ಹಬೂಗೊ, ಕೋರ್ದೊಬಾದ ಲೋಸ್ ಪೆದ್ರೋಚೆಸ್, ಮತ್ತು ದೆಎಸಾ ದೆ ಎಸ್ತ್ರೆಮದೂರಾ. ನಮ್ಮ ಮೈಸೂರು ವೀಳ್ಯದೆಲೆ, ನಂಜನಗೂಡು ರಸಬಾಳೆಗೆ ಇರುವ ಭೌಗೋಳಿಕ ಸೂಚಕದಂಥದೇ. ಗಿಹ್ವೇಲೊ ಎತ್ತರದ, ಚಳಿಯ ಊರು. ಅಲ್ಲಿ ಉಪ್ಪು ಕಡಿಮೆ ಸಾಕು, ರುಚಿ ಮೆದು. ದಕ್ಷಿಣದ ಹಬೂಗೊದ್ದು ಗಾಢ. ಹಬೂಗೊ ಗುರುತಿನ ಹಳೆಯ ಹೆಸರು 'ಹಮೋನ್ ದೆ ವೆಲ್ವಾ', 2017ರಲ್ಲಿ ಬದಲಾಯಿತು.

ಇಡೀ ಕಾಲು ಕೊಳ್ಳಬೇಕೇ, ಪ್ಯಾಕೆಟ್ಟೇ?

ಮನೆಯಲ್ಲಿ ಇಬ್ಬರು ಮೂವರೇ ಇದ್ದು, ಕೊಯ್ಯುವ ಅಭ್ಯಾಸವಿಲ್ಲದಿದ್ದರೆ ಕೈಯಲ್ಲಿ ಕೊಯ್ದು ಗಾಳಿ ತೆಗೆದು ಕಟ್ಟಿದ ಪ್ಯಾಕೆಟ್ ಕೊಳ್ಳಿ. ಇಡೀ ಕಾಲಿನಲ್ಲಿ ತಿನ್ನಲು ಸಿಗುವುದು ಅರ್ಧಕ್ಕಿಂತ ಕಡಿಮೆ: 8 ಕೆ.ಜಿ. ಹ್ಯಾಮಿನಿಂದ ಮೂರೂವರೆ ಕೆ.ಜಿ. ಬಂದರೆ ಚೆನ್ನಾಗಿ ಕೊಯ್ದಿದ್ದೀರಿ ಎಂದರ್ಥ. 'ಪಲೇತಾ' ಅಂದರೆ ಮುಂಗಾಲು. ಅಗ್ಗ, ಒಂದು ವರ್ಷದಲ್ಲೇ ಮಾಗಬಹುದು, ಆದರೆ ಮೂಳೆ ಜಾಸ್ತಿ. ಪ್ಯಾಕೆಟ್ಟನ್ನು ತಿನ್ನುವ ಅರ್ಧ ಗಂಟೆ ಮೊದಲು ಫ್ರಿಜ್‌ನಿಂದ ತೆಗೆಯಿರಿ. ಹಾಳೆಗಳು ಅಂಟಿಕೊಂಡಿದ್ದರೆ ಒಡೆಯದ ಪ್ಯಾಕೆಟ್ಟನ್ನು ಉಗುರುಬೆಚ್ಚಗಿನ ನೀರಲ್ಲಿ ಒಂದು ನಿಮಿಷ ಇಡಿ.

ಕೊಯ್ಯುವುದು ಹೇಗೆ?

ಮೂರು ಚಾಕು ಬೇಕು: ಚರ್ಮ ಬಿಡಿಸಲು ಅಗಲದ್ದು, ಹಾಳೆ ತೆಗೆಯಲು ಉದ್ದನೆಯ ಬಳುಕುವ ಚಾಕು, ಮೂಳೆಯ ಸುತ್ತ ಬಿಡಿಸಲು ಗಿಡ್ಡ, ಗಟ್ಟಿ ಚಾಕು. ಕಾಲನ್ನು ಬಿಗಿಯಾಗಿ ಹಿಡಿಯುವ ಮರದ ಸ್ಟ್ಯಾಂಡಂತೂ ಬೇಕೇ ಬೇಕು. ಗೊರಸು ಮೇಲಾಗಿ ಇಟ್ಟರೆ ದಪ್ಪ ಭಾಗ 'ಮಾಸಾ' ಮೇಲಕ್ಕೆ ಬರುತ್ತದೆ, ಕೆಳಗಾಗಿ ಇಟ್ಟರೆ ತೆಳು ಭಾಗ 'ಬಬೀಯಾ'. ಒಂದೆರಡು ದಿನದಲ್ಲಿ ಮುಗಿಯುವ ಸಮಾರಂಭವಾದರೆ ಮಾಸಾದಿಂದ ಶುರು ಮಾಡಿ. ಮನೆಯಲ್ಲಿ ವಾರಗಟ್ಟಲೆ ತಿನ್ನುವುದಾದರೆ ಬಬೀಯಾದಿಂದ ಶುರು ಮಾಡಿ. ಬಬೀಯಾ ಬೇಗ ಒಣಗುತ್ತದೆ, ಕಾಯುವುದಿಲ್ಲ.

ಆ ದಿನಕ್ಕೆ ಬೇಕಾದಷ್ಟೇ ಚರ್ಮ ಬಿಡಿಸಿ. ಚಾಕುವನ್ನು ಅಡ್ಡಲಾಗಿ ಮಲಗಿಸಿ, ಒತ್ತದೆ, ಗರಗಸದ ಹಾಗೆ ಹಿಂದೆ ಮುಂದೆ ಎಳೆಯಿರಿ. ಹಾಳೆಯೊಳಗಿಂದ ಚಾಕುವಿನ ಅಲಗು ಕಾಣಬೇಕು, ಅಷ್ಟು ತೆಳು. ಉದ್ದ ಎರಡು ಬೆರಳು, ಒಂದೇ ತುತ್ತಿಗೆ ಹೋಗುವಂತೆ. ಕೊಯ್ದ ಮೇಲ್ಮೈ ಸಮತಟ್ಟಾಗಿರಲಿ. ನಡುವೆ ಗುಳಿ ಬಿದ್ದರೆ ಮುಂದಿನ ಹಾಳೆಗಳೆಲ್ಲ ಹರಿಯುತ್ತವೆ. ಚಾಕು ಹಿಡಿಯದ ಕೈ ಯಾವಾಗಲೂ ಅಲಗಿನ ಹಿಂದೆಯೇ ಇರಲಿ. ಬಡಿಸುವ ಕೋಣೆ 20ರಿಂದ 25 ಡಿಗ್ರಿ ಇದ್ದರೆ ಕೊಬ್ಬು ಮಿರಮಿರ ಹೊಳೆಯುತ್ತದೆ.

ಕೊಯ್ದು ಉಳಿದ ಕಾಲನ್ನು ಎಲ್ಲಿಡಬೇಕು?

ಫ್ರಿಜ್ ಬೇಡ. ತಂಪಾದ, ಬಿಸಿಲು ಬೀಳದ ಮೂಲೆ ಸಾಕು. ಕೊಯ್ದ ಜಾಗದ ಮೇಲೆ ಅದೇ ಹ್ಯಾಮಿನ ಬಿಳಿ ಕೊಬ್ಬಿನ ತೆಳು ಪಟ್ಟಿ ಹೊದಿಸಿ, ಮೇಲೊಂದು ಶುಭ್ರ ಹತ್ತಿ ಬಟ್ಟೆ. ಪ್ಲಾಸ್ಟಿಕ್ ಸುತ್ತಿದರೆ ಬೆವೆತು ಮುಗ್ಗುತ್ತದೆ.

ಬೇಯಿಸದ ಮಾಂಸ ಅಪಾಯವಲ್ಲವೇ?

ಉಪ್ಪು ಇರುವುದರಿಂದ, ನೀರು ಕಡಿಮೆಯಾಗಿರುವುದರಿಂದ ಬ್ಯಾಕ್ಟೀರಿಯಾ ಬೆಳೆಯಲು ಆಸ್ಪದವಿಲ್ಲದಂತಾಗಿರುತ್ತದೆ. ಆದರೂ ಗರ್ಭಿಣಿಯರು ವೈದ್ಯರನ್ನು ಕೇಳದೆ ತಿನ್ನಬಾರದು. ರಕ್ತದೊತ್ತಡ ಇರುವವರು ಉಪ್ಪನ್ನು ಲೆಕ್ಕಕ್ಕೆ ಹಿಡಿಯಲಿ.

ಕೊಡಗಿನಲ್ಲಿ, ಮಲೆನಾಡಿನಲ್ಲಿ ಮಾಡಿ ನೋಡಬಹುದೇ?

ಮನೆಯಲ್ಲಿ ಬೇಡ. ಕೊಡಗಿನಲ್ಲಿ ಒಲೆಯ ಮೇಲೆ ಹೊಗೆಗೆ ಕಟ್ಟಿ ಮಾಂಸ ಒಣಗಿಸುವ ರೂಢಿ ಇದೆ, ಆದರೆ ಅದು ಸಣ್ಣ ಸಣ್ಣ ತುಂಡು; ಹೊಗೆ, ಬಿಸಿ ಎರಡೂ ಕಾಯುತ್ತವೆ. ಇಡೀ ತೊಡೆಗೆ ಮೊದಲ ಎರಡು ಮೂರು ತಿಂಗಳು 5 ಡಿಗ್ರಿಗಿಂತ ಕೆಳಗಿನ ಚಳಿ ಎಡೆಬಿಡದೆ ಬೇಕು. ಮಡಿಕೇರಿಯ ಡಿಸೆಂಬರಿನಲ್ಲೂ ಅದು ಸಿಗುವುದಿಲ್ಲ. ಮುಂದೆ ಒಣಗಬೇಕಾದ ಹೊತ್ತಿಗೆ ಮುಂಗಾರು ಬಂದು ಗಾಳಿಯೇ ಒದ್ದೆ.

ಕೊನೆಗೆ ಉಳಿಯುವ ಮೂಳೆ?

ಅಂಗಡಿಯವರಿಂದ ಗರಗಸದಲ್ಲಿ ತುಂಡು ಮಾಡಿಸಿ ಫ್ರೀಜರಿನಲ್ಲಿಡಿ. ಕಡಲೆ ಅಥವಾ ಹುರುಳಿಕಾಯಿ ಬೀಜ ಬೇಯಿಸುವಾಗ ಒಂದು ತುಂಡು ಹಾಕಿದರೆ ಸಾರಿಗೆ ಬೇರೆ ಮಸಾಲೆ ಬೇಡ, ಉಪ್ಪನ್ನಂತೂ ಕೊನೆಗೆ ರುಚಿ ನೋಡಿಯೇ ಹಾಕಿ. ಮೂಳೆಗೆ ಅಂಟಿದ ಹಳದಿ ಕೊಬ್ಬನ್ನು ಮೊದಲೇ ಹೆರೆಯಿರಿ. ಅದೊಂದು ಚೂರು ಉಳಿದರೂ ಇಡೀ ಪಾತ್ರೆ ಕಮಟು.